ಕೋಗಿಲೆಯ ಮೊಟ್ಟೆ: ಒಂದು ಓದು, ಒಂದು ತಕರಾರು

ಕಳೆದ ಆಟಿ ತಿಂಗಳಲ್ಲಿ, ಬೆಂಗಳೂರಿನಲ್ಲಿ ಕೆಲಸಕ್ಕಿರುವ ನಮ್ಮೂರಿನ ಹುಡುಗನೊಬ್ಬ ವಾಚನಾಲಯಕ್ಕೆ ಒಂದು ಇಂಗ್ಲಿಷ್ ಪುಸ್ತಕ ತಂದುಕೊಟ್ಟ. "ಮಾಷ್ಟ್ರೇ, ನಿಮಗೆ ಪತ್ತೇದಾರಿ ಕಾದಂಬರಿ ಅಂದರೆ ಇಷ್ಟ ಅಲ್ವಾ? ಇದು ಅಂಥದ್ದೇ, ಆದರೆ ನಿಜವಾಗಿ ನಡೆದದ್ದು" ಅಂದ. ಹೊರಗೆ ಜಡಿಮಳೆ, ತೋಟಕ್ಕೆ ಹೋಗುವ ಹಾಗಿಲ್ಲ. ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಹದಿನೈದು ದಿನದಲ್ಲಿ ಓದಿ ಮುಗಿಸಿದೆ. ಪುಸ್ತಕದ ಹೆಸರು 'ದಿ ಕುಕೂಸ್ ಎಗ್', ಅಂದರೆ ಕೋಗಿಲೆಯ ಮೊಟ್ಟೆ. ಬರೆದವರು ಅಮೆರಿಕದ ಕ್ಲಿಫರ್ಡ್ ಸ್ಟೋಲ್. ಪ್ರಕಟವಾದದ್ದು 1989ರಲ್ಲಿ. ನಮ್ಮ ತಿಂಗಳ ಪುಸ್ತಕ ಚರ್ಚೆಯಲ್ಲಿ ಇದರ ಬಗ್ಗೆ ಮಾತಾಡಿದಾಗ, "ನಮಗೂ ಕಂಪ್ಯೂಟರಿಗೂ ಎಂತ ಸಂಬಂಧ?" ಎಂದು ಹಿರಿಯರೊಬ್ಬರು ಕೇಳಿದರು. ಅಂದು ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಆ ಉತ್ತರಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಥೆ. ಸ್ಟೋಲ್ ನಕ್ಷತ್ರಗಳನ್ನು ಅಧ್ಯಯನ ಮಾಡುವ ಖಗೋಳ ವಿಜ್ಞಾನಿ. ಅನುದಾನ ಮುಗಿದಾಗ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲೇ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದರು. 1986ರ ಆಗಸ್ಟ್ ತಿಂಗಳು. ಆ ಕಾಲದಲ್ಲಿ ಕಂಪ್ಯೂಟರ್ ಬಳಸಿದವರಿಗೆಲ್ಲ ಬಿಲ್ಲು ಹೋಗುತ್ತಿತ್ತು. ಆ ತಿಂಗಳ ಲೆಕ್ಕದಲ್ಲಿ 75 ಸೆಂಟ್ ತಾಳೆಯಾಗಲಿಲ್ಲ. ನಮ್ಮ ಲೆಕ್ಕದಲ್ಲಿ ಮುಕ್ಕಾಲು ರೂಪಾಯಿ ವ್ಯತ್ಯಾಸ ಬಂದ ಹಾಗೆ. ಬೇರೆ ಯಾರಾದರೂ ಕಿಸೆಯಿಂದ ಹಾಕಿ ಸರಿಮಾಡುತ್ತಿದ್ದರು. ಇವರು ಬೆನ್ನು ಹತ್ತಿದರು. ಹೊರಗಿನವನೊಬ್ಬ ಕಳ್ಳದಾರಿಯಲ್ಲಿ ಒಳಗೆ ಬಂದು ಕಂಪ್ಯೂಟರ್ ಬಳಸುತ್ತಿದ್ದಾನೆ ಎಂದು ತಿಳಿಯಿತು.

ಅವನು ಒಳಗೆ ಬಂದ ರೀತಿಯಿಂದಲೇ ಪುಸ್ತಕಕ್ಕೆ ಆ ಹೆಸರು. ಕೋಗಿಲೆ ಗೂಡು ಕಟ್ಟುವುದಿಲ್ಲ, ಕಾಗೆಯ ಗೂಡಿನಲ್ಲಿ ಮೊಟ್ಟೆಯಿಟ್ಟು ಹೋಗುತ್ತದೆ, ಕಾಗೆ ತನ್ನದೇ ಎಂದು ಕಾವು ಕೊಡುತ್ತದೆ. ಇದು ನಮ್ಮ ಮಕ್ಕಳಿಗೂ ಗೊತ್ತುಂಟು. ಆ ಕಂಪ್ಯೂಟರಿನಲ್ಲಿ ಪತ್ರಗಳನ್ನು ಅಲ್ಲಿಂದಿಲ್ಲಿಗೆ ಸಾಗಿಸುವ ಒಂದು ಸಣ್ಣ ಪ್ರೋಗ್ರಾಮ್ ಇತ್ತು. ಎಲ್ಲಿಗೆ ಸಾಗಿಸಬಹುದು, ಎಲ್ಲಿಗೆ ಸಾಗಿಸಬಾರದು ಎಂದು ಅದು ನೋಡುತ್ತಿರಲಿಲ್ಲ. ಕಳ್ಳ ತನ್ನ ಪ್ರೋಗ್ರಾಮನ್ನು ಅದರ ಮೂಲಕ ಒಳಮನೆಗೆ ಸಾಗಿಸಿದ. ಕಂಪ್ಯೂಟರು ಅದನ್ನು ತನ್ನದೇ ಎಂದು ತಿಳಿದು ನಡೆಸಿತು. ಅಷ್ಟರಲ್ಲಿ ಅವನು ಮನೆಯ ಯಜಮಾನನಾದ.

ಸ್ಟೋಲ್ ಅವನನ್ನು ಓಡಿಸಲಿಲ್ಲ. ಸುಮಾರು ಹತ್ತು ತಿಂಗಳು ಸುಮ್ಮನೆ ಕೂತು ನೋಡಿದರು. ಒಂದು ಶುಕ್ರವಾರ ಸಂಜೆ ಸಹೋದ್ಯೋಗಿಗಳ ಮೇಜಿನ ಮೇಲಿದ್ದ ಪ್ರಿಂಟರ್, ಟರ್ಮಿನಲ್‌ಗಳನ್ನೆಲ್ಲ ಕೇಳದೆಯೇ ಹೊತ್ತು ತಂದು 50 ಫೋನ್ ಲೈನುಗಳಿಗೆ ಜೋಡಿಸಿ, ಅಲ್ಲೇ ಮೇಜಿನಡಿ ಮಲಗಿದರು. ಕಳ್ಳ ಒತ್ತಿದ ಪ್ರತಿಯೊಂದು ಅಕ್ಷರವೂ ಕಾಗದದ ಮೇಲೆ ಬಿತ್ತು. ಅವನು ಮುಖ್ಯವಾದ ಕಡತಕ್ಕೆ ಕೈಹಾಕಿದಾಗ ಇವರು ತಂತಿಗೆ ಬೀಗದಕೈ ಗೊಂಚಲು ತಾಗಿಸಿ ಗದ್ದಲ ಎಬ್ಬಿಸುತ್ತಿದ್ದರು. ಪಾಪ, ಲೈನು ಸರಿಯಿಲ್ಲ ಎಂದು ಅವನು ತಿಳಿದುಕೊಳ್ಳುತ್ತಿದ್ದ. ಕೊನೆಗೆ ಜಾಡು ಪಶ್ಚಿಮ ಜರ್ಮನಿಯ ಹ್ಯಾನೋವರ್ ನಗರಕ್ಕೆ ಮುಟ್ಟಿತು. ಅಲ್ಲಿಯ ಹಳೇ ಎಕ್ಸ್‌ಚೇಂಜಿನಲ್ಲಿ ಕರೆ ಎಲ್ಲಿಂದ ಬಂತೆಂದು ಹುಡುಕಲು ತುಂಬ ಹೊತ್ತು ಬೇಕು. ಅಷ್ಟು ಹೊತ್ತು ಅವನನ್ನು ಹಿಡಿದಿಡಲು ಸ್ಟೋಲ್ ಮತ್ತು ಅವರ ಗೆಳತಿ ಸೇರಿ ಕ್ಷಿಪಣಿ ಯೋಜನೆಯ ಸುಳ್ಳು ಕಡತಗಳನ್ನು ರಾಶಿ ಹಾಕಿದರು. ಅವನು ಅದನ್ನು ಓದುತ್ತಾ ಕೂತ, ಸಿಕ್ಕಿಬಿದ್ದ. ಹೆಸರು ಮಾರ್ಕುಸ್ ಹೆಸ್. ಕದ್ದದ್ದು ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿಗೆ ಮಾರಾಟವಾಗುತ್ತಿತ್ತು.

ಈ ಪುಸ್ತಕದ ದೊಡ್ಡ ಗುಣ ಅದರ ತಾಳ್ಮೆ. ಸ್ಟೋಲ್ ಎಲ್ಲವನ್ನೂ ದಿನಾಂಕ, ಗಂಟೆ ಹಾಕಿ ನೋಟುಬುಕ್ಕಿನಲ್ಲಿ ಬರೆದಿಟ್ಟರು. ಅಮೆರಿಕದ ಎಫ್‌ಬಿಐ, "ನಷ್ಟ 75 ಸೆಂಟ್ ಮಾತ್ರ ಅಲ್ವಾ" ಎಂದು ಕೈತೊಳೆದುಕೊಂಡಾಗಲೂ ಅವರು ಬರೆಯುವುದನ್ನು ಬಿಡಲಿಲ್ಲ. ಶಾಲೆಯ ಹಾಜರಿ ಪುಸ್ತಕ, ಸೊಸೈಟಿಯ ಲೆಕ್ಕ ಬರೆದ ನಮ್ಮಂಥವರಿಗೆ ಇದು ಹಿಡಿಸುತ್ತದೆ. ಸಣ್ಣ ಲೆಕ್ಕ ತಪ್ಪಿದರೆ ಹಿಂದೆ ದೊಡ್ಡ ಕಾರಣ ಇರಬಹುದು ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಾನು ಓದಿಲ್ಲ.

ಎರಡನೆಯ ಗುಣ, ಕಳ್ಳನ ಬುದ್ಧಿವಂತಿಕೆಯನ್ನು ಪುಸ್ತಕ ಅಟ್ಟಕ್ಕೇರಿಸುವುದಿಲ್ಲ. ಅವನು ಸುಮಾರು 450 ಕಂಪ್ಯೂಟರುಗಳ ಬಾಗಿಲು ತಟ್ಟಿದ್ದ, 30ಕ್ಕಿಂತ ಹೆಚ್ಚು ಕಡೆ ಒಳಗೆ ಹೋಗಿದ್ದ. ಮಂತ್ರವಿದ್ಯೆ ಎಂಥದ್ದೂ ಇಲ್ಲ. ಕಂಪೆನಿಯವರು ಕಂಪ್ಯೂಟರ್ ಮಾರುವಾಗ ಹಾಕಿಕೊಟ್ಟ ಪಾಸ್‌ವರ್ಡನ್ನು ಎಷ್ಟೋ ಕಡೆ ಬದಲಾಯಿಸಿರಲೇ ಇಲ್ಲ. ಮಿಲಿಟರಿಯವರ ಕಂಪ್ಯೂಟರೂ ಅದರಲ್ಲಿತ್ತು! ಇದನ್ನು ಓದಿ ನಕ್ಕೆ. ಮರುದಿನ ವಾಚನಾಲಯದ ಬಾಗಿಲು ತೆರೆದಾಗ ನಗು ನಿಂತಿತು. ನಮ್ಮ ಕಂಪ್ಯೂಟರಿನ ಪಾಸ್‌ವರ್ಡು ಪರದೆಯ ಅಂಚಿಗೇ ಚೀಟಿ ಬರೆದು ಅಂಟಿಸಿತ್ತು. ಅಕ್ಷರ ನನ್ನದೇ.

ಇಷ್ಟು ಹೊಗಳಿದ ಮೇಲೆ ತಕರಾರು.

ನಮ್ಮ ಊರಿನವರು ತಾಳಮದ್ದಳೆ ಕೇಳಿ ಬೆಳೆದವರು. ಅಲ್ಲಿ ರಾಮನಿಗೆ ಎಷ್ಟು ಮಾತುಂಟೋ ರಾವಣನಿಗೂ ಅಷ್ಟೇ ಉಂಟು. ಎದುರು ಅರ್ಥಧಾರಿ ಸೋಲುವವನೇ ಆದರೂ ಅವನ ವಾದ ಪೂರ್ತಿ ಕೇಳದೆ ಸಭೆ ಏಳುವುದಿಲ್ಲ. ಸ್ಟೋಲ್ ಅವರ ಪ್ರಸಂಗದಲ್ಲಿ ಎದುರು ಅರ್ಥಧಾರಿಯೇ ಇಲ್ಲ. ಹ್ಯಾನೋವರಿನ ಹುಡುಗರು ಪ್ರಿಂಟರಿನ ಕಾಗದದ ಮೇಲಿನ ಅಕ್ಷರಗಳಾಗಿ ಬರುತ್ತಾರೆ, ಮನುಷ್ಯರಾಗಿ ಬರುವುದಿಲ್ಲ. ಅವರ ಬಳಗದ ಕಾರ್ಲ್ ಕೋಖ್ ಎಂಬ ಯುವಕ 1989ರಲ್ಲಿ ಕಾಡಿನಲ್ಲಿ ಸುಟ್ಟ ಹೆಣವಾಗಿ ಸಿಕ್ಕಿದ. ಅಂಥ ಸಾವು ಪುಸ್ತಕದ ಕೊನೆಯಲ್ಲಿ ಕೆಲವೇ ಮಾತಿನಲ್ಲಿ ಮುಗಿದುಹೋಗುತ್ತದೆ. ಪುಸ್ತಕ ಬಂದ ಮರುವರ್ಷ ಹೆಸ್‌ಗೂ ಇಬ್ಬರು ಜತೆಗಾರರಿಗೂ ಶಿಕ್ಷೆಯಾಯಿತು, ಆದರೆ ನ್ಯಾಯಾಲಯ ಅದನ್ನು ಅಮಾನತಿನಲ್ಲಿಟ್ಟಿತು, ಜೈಲಿಗೆ ಕಳಿಸಲಿಲ್ಲ.

ಇದರಿಂದ ಆಗುವ ನಷ್ಟ ಎಂತ? ಹ್ಯಾಕರ್ ಅಂದರೆ ಕಳ್ಳ ಎಂಬ ಒಂದೇ ಅರ್ಥ ಓದುಗನ ತಲೆಯಲ್ಲಿ ಗಟ್ಟಿಯಾಗುತ್ತದೆ. ಜರ್ಮನಿಯಲ್ಲೇ ಆಗ ಇನ್ನೊಂದು ಬಗೆಯ ಹ್ಯಾಕರುಗಳಿದ್ದರು. 1981ರಲ್ಲಿ ಬರ್ಲಿನಿನಲ್ಲಿ ಹುಟ್ಟಿದ 'ಕೇಯಾಸ್ ಕಂಪ್ಯೂಟರ್ ಕ್ಲಬ್' ಅವರದ್ದು. 1984ರಲ್ಲಿ ಅವರು ಅಂಚೆ ಇಲಾಖೆಯ ಕಂಪ್ಯೂಟರ್ ವ್ಯವಸ್ಥೆಯಲ್ಲಿ ತೂತು ಉಂಟೆಂದು ತೋರಿಸಲು ಹ್ಯಾಂಬರ್ಗಿನ ಒಂದು ಬ್ಯಾಂಕಿನ ಲೆಕ್ಕದಿಂದ ಒಂದು ರಾತ್ರಿಯಲ್ಲಿ ಸುಮಾರು 1,35,000 ಮಾರ್ಕ್ ತಮ್ಮ ಲೆಕ್ಕಕ್ಕೆ ಬರುವಂತೆ ಮಾಡಿದರು. ಆಮೇಲೆ ತಾವೇ ಪತ್ರಿಕೆಯವರಿಗೆ ತಿಳಿಸಿ ಹಣ ಹಿಂದೆ ಕೊಟ್ಟರು. ಆ ವರ್ಷದ ಡಿಸೆಂಬರಿನಲ್ಲಿ ಮೊದಲ ಸಮಾವೇಶ ನಡೆಸಿದರು. ಕ್ರಿಸ್‌ಮಸ್ ಕಳೆದ ಮೇಲಿನ ದಿನಗಳಲ್ಲಿ ಆ ಸಮಾವೇಶ ಇಂದಿಗೂ ನಡೆಯುತ್ತದೆ. ಸರಕಾರದ ಲೆಕ್ಕಪತ್ರ ಎಲ್ಲರಿಗೂ ತೆರೆದಿರಲಿ, ಜನರ ಖಾಸಗಿ ವಿವರ ಮುಚ್ಚಿರಲಿ ಎಂಬುದು ಅವರ ನೀತಿಯ ಸಾರ. ಹ್ಯಾನೋವರಿನ ಹುಡುಗರು ಮಾಡಿದ್ದು ಇದಕ್ಕೆ ಉಲ್ಟಾ. ಈ ಎರಡನ್ನು ಬಿಡಿಸಿ ತೋರಿಸಿದ್ದರೆ ಪುಸ್ತಕದ ತೂಕ ಹೆಚ್ಚುತ್ತಿತ್ತು.

ನನ್ನ ಎರಡನೆಯ ತಕರಾರು ಇನ್ನೂ ಮುಖ್ಯ. ಆ ಶನಿವಾರ, ಭಾನುವಾರ 50 ಪ್ರಿಂಟರುಗಳು ಓಡಿದವಷ್ಟೆ? ಕಳ್ಳ ಇದ್ದದ್ದು ಒಂದು ಲೈನಿನಲ್ಲಿ. ಅವನ ಪಾಲಿನ ಕಾಗದ ಸುಮಾರು 80 ಅಡಿ. ಉಳಿದ ಕಾಗದದಲ್ಲಿ ಇದ್ದದ್ದು ಯಾರದ್ದು? ಏನೂ ತಪ್ಪು ಮಾಡದ ಕೆಲಸಗಾರರದ್ದು, ಅವರು ಬರೆದುಕೊಂಡದ್ದು. ಮುಂದೆ ಸ್ಟೋಲ್ ಒಂದೇ ದಾರಿಯ ಮೇಲೆ ಕಣ್ಣಿಟ್ಟರು ಎಂಬುದು ನಿಜ. ಅವರು ಒಳ್ಳೆಯವರು ಎಂಬುದರಲ್ಲೂ ನನಗೆ ಸಂಶಯವಿಲ್ಲ. ಬೇಹುಗಾರರ ಜತೆ ಕೈಜೋಡಿಸಬೇಕೋ ಬೇಡವೋ ಎಂದು ಅವರು ಪಟ್ಟ ಕಷ್ಟವೂ ಪುಸ್ತಕದಲ್ಲಿ ಉಂಟು. ಆದರೂ ಕಾವಲುಗಾರ ಎಷ್ಟು ನೋಡಬಹುದು, ನೋಡಿದ್ದನ್ನು ಎಲ್ಲಿ ಇಡಬೇಕು, ಯಾವಾಗ ಸುಡಬೇಕು ಎಂಬ ಪ್ರಶ್ನೆಗೆ ಇಷ್ಟು ದಪ್ಪದ ಪುಸ್ತಕ ಕೊಟ್ಟ ಜಾಗ ಸಾಲದು. ನಮಗೆ ಇವತ್ತು ಬೇಕಾದ ಪ್ರಶ್ನೆ ಅದೇ.

ಯಾಕೆಂದರೆ ನಮ್ಮ ಗಡಿಯೂರಿನ ಸ್ಥಿತಿ ನೋಡಿ. ಅಜ್ಜಿಯ ಮೊಬೈಲಿಗೆ ಬರುವ ಸಂದೇಶ ಇಂಗ್ಲಿಷಿನಲ್ಲಿ ಅಥವಾ ಮಲಯಾಳದಲ್ಲಿ. ಅಜ್ಜಿ ಓದುವುದು ಕನ್ನಡ ಮಾತ್ರ. ಹಾಗಾಗಿ ಬ್ಯಾಂಕಿನದ್ದಾಗಲಿ ಆಸ್ಪತ್ರೆಯದ್ದಾಗಲಿ, ಫೋನು ಕೈಯಿಂದ ಕೈಗೆ ಹೋಗುತ್ತದೆ. "ಇದರಲ್ಲಿ ಎಂತ ಬರೆದಿದೆ ಮಗಾ, ಸ್ವಲ್ಪ ಓದು." ಓದಿದವನಿಗೆ ಒಟಿಪಿಯೂ ಗೊತ್ತು, ಪಿಂಚಣಿ ಎಷ್ಟೆಂದೂ ಗೊತ್ತು, ಯಾವ ಕಾಯಿಲೆಗೆ ಮದ್ದೆಂದೂ ಗೊತ್ತು. ಓದಿ ಹೇಳುವವರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಮಂದಿ ಒಳ್ಳೆಯವರೇ. ಆದರೆ ಭಾಷೆ ಬಾರದ ಕಾರಣಕ್ಕೆ ಒಬ್ಬ ಮನುಷ್ಯನಿಗೆ ಗುಟ್ಟು ಇಟ್ಟುಕೊಳ್ಳುವ ಹಕ್ಕೇ ಇಲ್ಲವೆಂದರೆ ಹೇಗೆ? ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದ್ದಾರೆ. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ಮೇಲೆ, 2012ರಲ್ಲಿ, ಆಧಾರ್ ವಿಚಾರವಾಗಿ ಅವರು ಕೋರ್ಟು ಮೆಟ್ಟಲು ಹತ್ತಿದರು. "ನಮಗೂ ಇದಕ್ಕೂ ಎಂತ ಸಂಬಂಧ" ಎಂದು ಅವರೂ ಮನೆಯಲ್ಲಿ ಕೂರಬಹುದಿತ್ತು.

ಇನ್ನು ಬೆರಳಚ್ಚು. ರೇಷನ್ ಅಂಗಡಿಯಲ್ಲಿ ನಾವು ಬೆರಳು ಒತ್ತುತ್ತೇವೆ. ಅದೇ ಬೆರಳು ಬ್ಯಾಂಕಿನ ಹಣಕ್ಕೂ ಬೀಗದಕೈ. ಬೀಗದಕೈ ಕಳೆದರೆ ಬೀಗ ಬದಲಾಯಿಸಬಹುದು, ಬೆರಳು ಬದಲಾಯಿಸಲಿಕ್ಕೆ ಆಗುತ್ತದಾ? ಆಗಲೇ ಹೇಳಿದ ಜರ್ಮನಿಯ ಕ್ಲಬ್ಬಿನವರು 2008ರಲ್ಲಿ ತಮ್ಮ ದೇಶದ ಗೃಹಮಂತ್ರಿಯ ಬೆರಳಚ್ಚನ್ನೇ ತಮ್ಮ ಪತ್ರಿಕೆಯಲ್ಲಿ ಅಚ್ಚು ಹಾಕಿ, ಇದು ಎಷ್ಟು ಸುಲಭ ನೋಡಿ ಎಂದು ತೋರಿಸಿದರು. ನಮ್ಮಲ್ಲಿ ಅದನ್ನು ಕಳ್ಳರು ತೋರಿಸಿದರು. 2023ರಲ್ಲಿ ಕರ್ನಾಟಕದಲ್ಲಿ ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚಿನ ನಕಲು ಮಾಡಿ ಜನರ ಖಾತೆಯಿಂದ ಹಣ ತೆಗೆದದ್ದು ಬೆಳಕಿಗೆ ಬಂತು. ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯ ಆಧಾರಿನವರ ಆ್ಯಪಿನಲ್ಲೇ ಉಂಟು. ರೇಷನಿಗೆ ಹೋಗುವ ದಿನ ತೆರೆದು, ಬಂದ ಮೇಲೆ ಮುಚ್ಚಬೇಕು. ಹಣ ಹೋಯಿತೆಂದು ಗೊತ್ತಾದ ಕೂಡಲೇ 1930 ನಂಬ್ರಕ್ಕೆ ಫೋನು ಮಾಡಬೇಕು. ಮರುದಿನ ನೋಡುವ ಎಂದರೆ ಆಗಲಿಕ್ಕಿಲ್ಲ.

ಈಗ ನನ್ನ ತಪ್ಪು ಹೇಳಬೇಕು. ಪಾಸ್‌ವರ್ಡಿನ ಚೀಟಿ ಕಿತ್ತ ದಿನವೇ ಬೀರು ತೆರೆದು ನೋಡಿದೆ. ಸದಸ್ಯತ್ವಕ್ಕೆಂದು ವರ್ಷಗಳಿಂದ ತೆಗೆದುಕೊಂಡ ಆಧಾರ್ ಕಾರ್ಡಿನ ಜೆರಾಕ್ಸ್ ಪ್ರತಿಗಳು ಬೀಗವಿಲ್ಲದ ಬೀರುವಿನಲ್ಲಿ ಕಟ್ಟಾಗಿದ್ದವು. ಒಂದು ಕಟ್ಟು ಅರ್ಧ ಖಾಲಿ. ವಿಚಾರಿಸಿದರೆ, ಬೇಸಿಗೆ ಶಿಬಿರದಲ್ಲಿ ಮಕ್ಕಳಿಗೆ ಚಿತ್ರ ಬಿಡಿಸಲು ಕಾಗದ ಸಾಲದೆ ಹಿಂಬದಿ ಖಾಲಿ ಇದ್ದದ್ದನ್ನು ಕೊಟ್ಟದ್ದಂತೆ. ಕೊಡಲು ಹೇಳಿದವನು ನಾನೇ, ಕಾಗದ ಹಾಳಾಗಬಾರದೆಂದು. ಒಂದು ಬದಿಯಲ್ಲಿ ನವಿಲು, ಇನ್ನೊಂದು ಬದಿಯಲ್ಲಿ ಯಾರದೋ ಅಜ್ಜನ ಆಧಾರ್ ನಂಬ್ರ. ಹ್ಯಾನೋವರಿನಿಂದ ಯಾರೂ ಬರುವುದು ಬೇಡ, ಗೂಡಿನ ಬಾಗಿಲು ಕಾಗೆಯೇ ತೆರೆದಿಟ್ಟಿತ್ತು. ಉಳಿದ ಪ್ರತಿಗಳನ್ನು ಸಮಿತಿಯವರ ಎದುರಿಗೆ ಸುಟ್ಟೆವು. ಇನ್ನು ಸದಸ್ಯರಾಗಲು ಹೆಸರು, ಮನೆಯ ಹೆಸರು, ಒಂದು ಫೋನ್ ನಂಬ್ರ ಸಾಕು. ಪುಸ್ತಕ ಎರವಲು ಕೊಡಲು ಆಧಾರ್ ಯಾತಕ್ಕೆ?

2012ರಲ್ಲಿ ಆಸ್ಟ್ರೇಲಿಯಾದಲ್ಲಿ ಶುರುವಾದ 'ಕ್ರಿಪ್ಟೋಪಾರ್ಟಿ' ಎಂಬ ಕೂಟಗಳಲ್ಲಿ ಗೊತ್ತಿದ್ದವರು ಗೊತ್ತಿಲ್ಲದವರಿಗೆ ಫೋನು, ಕಂಪ್ಯೂಟರ್ ಭದ್ರ ಮಾಡಿಕೊಳ್ಳುವುದನ್ನು ಕೂತು ಕಲಿಸುತ್ತಾರೆ. ಹಣ ಇಲ್ಲ, ಭಾಷಣ ಇಲ್ಲ. ಅದನ್ನೇ ನಮ್ಮ ವಾಚನಾಲಯದಲ್ಲಿ ತಿಂಗಳಿಗೊಂದು ಭಾನುವಾರ ಸಂಜೆ ಮಾಡುವ ಎಂದು ಸಮಿತಿ ಒಪ್ಪಿದೆ. ಕಾಲೇಜು ಮಕ್ಕಳು ಕಲಿಸುತ್ತಾರೆ. ಒಂದು ಷರತ್ತು ಹಾಕಿದ್ದೇವೆ: ಫೋನು ಅಜ್ಜಿಯ ಕೈಯಲ್ಲೇ ಇರಬೇಕು, ಕಲಿಸುವವರು ಬಾಯಲ್ಲಿ ಹೇಳಬೇಕು, ಮುಟ್ಟಬಾರದು. ಮೊದಲ ಸಂಜೆ ಮೊಬೈಲಿನ ಭಾಷೆಯನ್ನು ಕನ್ನಡಕ್ಕೆ ಬದಲಾಯಿಸುವುದು. ಬರುವ ಸಂದೇಶ ಅದರಿಂದ ಕನ್ನಡವಾಗದು, ಆದರೆ ಬೀಗ ಯಾವುದು, ಬಾಗಿಲು ಯಾವುದು ಎಂದಾದರೂ ಅವರೇ ಓದಿಕೊಂಡಾರು.

ಪುಸ್ತಕವನ್ನು ಓದಿ. ಮೂರನೇ ಕಪಾಟಿನಲ್ಲಿ ಉಂಟು. ಇಂಗ್ಲಿಷ್ ಕಷ್ಟವಾದವರಿಗೆ ಮುಖ್ಯ ಅಧ್ಯಾಯಗಳ ಸಾರವನ್ನು ನೋಟುಬುಕ್ಕಿನಲ್ಲಿ ಕನ್ನಡದಲ್ಲಿ ಬರೆದು ಜತೆಗಿಟ್ಟಿದ್ದೇನೆ. ಕಳ್ಳನನ್ನು ಹಿಡಿಯುವುದು ಹೇಗೆಂದು ಸ್ಟೋಲ್ ಚೆನ್ನಾಗಿ ಹೇಳಿದ್ದಾರೆ. ಕಾವಲುಗಾರನ ಬಗ್ಗೆ ಅವರು ಬಿಟ್ಟದ್ದನ್ನು ನಾವು ಭಾನುವಾರ ಸಂಜೆ ಕೂತು ಮಾತಾಡುವ.