ಹಂಗಳದ ತಿರುವಿನಲ್ಲಿ ಹಿಟ್ಟು, ಉಪ್ಸಾರು

"ಇವತ್ತು ಏನ್ ಮಾಡಿದ್ದೀಯವ್ವ?" ಎಂದೆ.

"ಹುಳ್ಳಿಕಾಳ್ ಉಪ್ಸಾರು ಅದ, ಹಿಟ್ಟದ. ಅನ್ನ ಬೇಕಂದ್ರ ಇನ್ನೊಂದ್ ಗಳಿಗ ಆಯ್ತದ. ಕೂತ್ಕ ಮಗ" ಎಂದರು ಅವ್ವ, ಹಿಟ್ಟಿನ ಕೋಲಿನಿಂದ ಕೈ ತೆಗೆಯದೆ.

ಗಂಟೆ ಹನ್ನೆರಡೂ ಕಾಲು. ಶೀಟಿನ ಸೂರು, ಎರಡು ಬೆಂಚು, ಹೊಗೆ ಹಿಡಿದ ಗೋಡೆಯಲ್ಲಿ ಗೋಪಾಲಸ್ವಾಮಿಯ ಪಟ. ಬೋರ್ಡಿಲ್ಲ, ಬೆಲೆಪಟ್ಟಿಯಿಲ್ಲ. ಹೊರಗೆ ಊಟಿಯ ಕಡೆಗೆ ಹೊರಟ ಕಾರುಗಳು ಒಂದರ ಹಿಂದೊಂದು ಹಂಗಳವನ್ನು ದಾಟಿ ಹೋಗುತ್ತಿದ್ದವು. ಒಳಗೆ ನಾವು ಐದು ಜನ. ಇಬ್ಬರು ಕೋಸಿನ ಮೂಟೆ ತುಂಬಿಸಿ ಬಂದ ಕೂಲಿಯವರು, ಒಬ್ಬರು ಬಸ್ಸಿಗೆ ಕಾದ ಮೇಷ್ಟರು, ಒಬ್ಬ ಹಾಲಿನ ಹುಡುಗ, ನಾನು.

ಮೈಸೂರಿನಿಂದ ಸುಮಾರು 60 ಕಿಲೋಮೀಟರ್ ಬಂದರೆ ಗುಂಡ್ಲುಪೇಟೆ. ಅಲ್ಲಿ ದಾರಿ ಕವಲೊಡೆಯುತ್ತದೆ. ರಾಷ್ಟ್ರೀಯ ಹೆದ್ದಾರಿ 766 ಮದ್ದೂರು, ಮೂಲೆಹೊಳೆ ದಾಟಿ ವಯನಾಡಿಗೆ ಇಳಿಯುತ್ತದೆ. 181 ಬಂಡೀಪುರದ ಕಾಡು ಹಾದು ಗೂಡಲೂರು, ಊಟಿಗೆ ಏರುತ್ತದೆ. ಈ ಎರಡನೆಯ ದಾರಿಯಲ್ಲಿ, ಕಾಡು ಶುರುವಾಗುವ ಮುಂಚೆ ಸಿಗುವ ಹೋಬಳಿ ಊರು ಹಂಗಳ. ಇಲ್ಲಿ ಬಲಕ್ಕೆ ತಿರುಗಿದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಬಹಳ ಮಂದಿಗೆ ಹಂಗಳ ಎಂದರೆ ಈ ತಿರುವು ಅಷ್ಟೆ. "ಊಟಿಗೆ ಹೋಗುವಾಗ ಎಲ್ಲಿ ಊಟ ಮಾಡಬೇಕು?" ಎಂದು ಓದುಗರು ಕೇಳುತ್ತಲೇ ಇರುತ್ತಾರೆ. ನನ್ನ ಉತ್ತರ ಈ ತಿರುವಿನ ಸುತ್ತಮುತ್ತಲೇ ಇದೆ.

ಹೋಟೆಲುಗಳ ಹೆಸರನ್ನು ಮಾತ್ರ ಬರೆಯುವುದಿಲ್ಲ. ಈ ದಾರಿಯ ಒಳ್ಳೆಯ ಊಟದ ಮನೆಗಳಲ್ಲಿ ಎಷ್ಟಕ್ಕೋ ಹೆಸರೇ ಇಲ್ಲ. ಹೆಸರಿದ್ದ ಕಡೆಯೂ ರುಚಿ ಇರುವುದು ಒಲೆಯ ಮುಂದೆ ನಿಂತವರ ಕೈಯಲ್ಲಿ. ಆ ಕೈ ಬದಲಾದರೆ ಬೋರ್ಡು ಉಳಿದು ಏನು ಬಂತು? ಅದಕ್ಕೇ ಗುರುತು ಹೇಳುತ್ತೇನೆ, ಹುಡುಕಿಕೊಳ್ಳುವುದು ನಿಮ್ಮ ಪಾಲು.

ಮೊದಲ ಗುರುತು, ಒಂದೇ ಪಾತ್ರೆ. ವಿಯೆಟ್ನಾಂಗೆ ಹೋಗಿಬಂದ ಗೆಳೆಯನೊಬ್ಬ ಹನೋಯ್ ನಗರದ ಬೀದಿ ಊಟವನ್ನು ತಿಂಗಳುಗಟ್ಟಲೆ ವರ್ಣಿಸಿದ. ಅಲ್ಲಿ ಫೋ ಮಾಡುವವರು ಫೋ ಮಾತ್ರ ಮಾಡುತ್ತಾರಂತೆ, ಸುಟ್ಟ ಹಂದಿಮಾಂಸದ ಬುನ್ ಚಾ ಮಾಡುವವರು ಅದೊಂದನ್ನೇ. ಮೊಣಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಉಣ್ಣಬೇಕು, ಹಂಡೆ ಬರಿದಾದರೆ ಅಂಗಡಿ ಮುಚ್ಚಿತು. ನಮಗೇನು ಇದು ಹೊಸದಲ್ಲ. ಮೈಸೂರಿನ ನಜರ್‌ಬಾದಿನ ಮೈಲಾರಿಯಲ್ಲಿ ಬೆಣ್ಣೆ ದೋಸೆ, ಇಡ್ಲಿ ಬಿಟ್ಟು ಬೇರೆಯದನ್ನು ಕೇಳಲು ಯಾರೂ ಹೋಗುವುದಿಲ್ಲ. ಮಂಡಿ ಮೊಹಲ್ಲಾದ ಹನುಮಂತು ಹೋಟೆಲಿಗೆ ಹೋಗುವುದು ಪಲಾವಿಗೆ. ದಿನವೂ ಅದೊಂದನ್ನೇ ಮಾಡುವ ಕೈಗೆ ಅಳತೆಯ ಲೋಟ ಬೇಕಿಲ್ಲ. ಹಂಗಳದ ಅವ್ವನ ಒಲೆಯ ಮೇಲೂ ದಿನಕ್ಕೊಂದೇ ಸಾರು, ಎರಡು ಗಂಟೆಯೊಳಗೆ ಖಾಲಿ.

ಎರಡನೆಯ ಗುರುತು ಉಪ್ಪುಸಾರು, ಇಲ್ಲಿನ ಬಾಯಲ್ಲಿ ಉಪ್ಸಾರು. ಚಾಮರಾಜನಗರ ಸೀಮೆಯ ಅಡುಗೆಯವರ ಕೈಯನ್ನು ಅಳೆಯಲು ನನಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಗೊತ್ತಿಲ್ಲ. ಕಾಳನ್ನೋ ಬೇಳೆಯನ್ನೋ ಸೊಪ್ಪಿನ ಜೊತೆ ಉಪ್ಪು ಹಾಕಿ ಬೇಯಿಸುತ್ತಾರೆ, ನೀರು ಬಸಿಯುತ್ತಾರೆ. ಬಸಿದ ನೀರೇ ಸಾರು; ಉಳಿದ ಸೊಪ್ಪು ಕಾಳು ಒಗ್ಗರಣೆ ಬಿದ್ದು ಪಲ್ಯವಾಗುತ್ತದೆ. ಖಾರ ಬೇರೆ. ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆಹಣ್ಣು, ಉಪ್ಪು ಸೇರಿಸಿ ಒಳಕಲ್ಲಿನಲ್ಲಿ ರುಬ್ಬಿದ ಒಂದು ಉಂಡೆ ತಟ್ಟೆಯ ಅಂಚಿನಲ್ಲಿ ಬಂದು ಕೂರುತ್ತದೆ. ಎಷ್ಟು ಕಲಸಿಕೊಳ್ಳಬೇಕು ಎನ್ನುವುದು ಉಣ್ಣುವವರಿಗೆ ಬಿಟ್ಟದ್ದು. ಬಸ್ಸಾರಿನ ದಾರಿ ಬೇರೆ: ಅಲ್ಲಿ ಬೆಂದದ್ದರಲ್ಲೇ ಒಂದು ಹಿಡಿಯನ್ನು ಮಸಾಲೆಯ ಜೊತೆ ರುಬ್ಬಿ, ಬಸಿದ ನೀರಿಗೆ ಸೇರಿಸಿ ಕುದಿಸುತ್ತಾರೆ. ಬಸ್ಸಾರಿನಲ್ಲಿ ಸಣ್ಣ ತಪ್ಪು ಮಸಾಲೆಯಡಿ ಮುಚ್ಚಿಹೋಗುತ್ತದೆ. ಉಪ್ಸಾರಿನಲ್ಲಿ ಮುಚ್ಚಲು ಏನೂ ಇಲ್ಲ. ಕಾಳು ಹಳೆಯದಾದರೆ, ಸೊಪ್ಪು ಬಾಡಿದ್ದರೆ, ನೀರು ಹೆಚ್ಚಾದರೆ ಮೊದಲ ತುತ್ತಿಗೇ ಗೊತ್ತಾಗಿಬಿಡುತ್ತದೆ.

ಸೊಪ್ಪು ಎಂದರೆ ಒಂದೇ ಸೊಪ್ಪಲ್ಲ. ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿ ತಾನಾಗಿ ಎದ್ದ ಅಣ್ಣೆ, ಗಣಿಕೆ, ಕಿರಕೀರೆ, ಹೊನಗೊನ್ನೆಯನ್ನು ಮಡಿಲು ತುಂಬ ಕಿತ್ತು ತಂದು ಸೇರಿಸಿದರೆ ಅದು ಬೆರಕೆಸೊಪ್ಪು. ಬಿತ್ತದೆ ಬೆಳೆದದ್ದು, ತೂಕಕ್ಕೆ ಸಿಗದ್ದು. ಕಳೆನಾಶಕ ಹೊಡೆದ ಹೊಲದಲ್ಲಿ ಇವು ಏಳುವುದಿಲ್ಲ. ನನ್ನ ಕಣ್ಣೆದುರಿಗೇ ಬೆರಕೆಯ ಹೆಸರುಗಳು ಎಂಟರಿಂದ ನಾಲ್ಕಕ್ಕೆ ಇಳಿದಿವೆ. ಆ ಸಂಕಟ ನನಗೆ ದೊಡ್ಡದು. ಆದ್ದರಿಂದ ಬೆರಕೆಸೊಪ್ಪಿನ ಸಾರು ಇದೆ ಎಂದು ಯಾರಾದರೂ ಹೇಳಿದರೆ, ಊಟಿ ಎರಡು ಗಂಟೆ ತಡವಾದರೂ ಸರಿ, ಗಾಡಿ ನಿಲ್ಲಿಸಿ.

ಇನ್ನು ಹಿಟ್ಟು. ಬೆಂಗಳೂರಿನಲ್ಲಿ ಮುದ್ದೆ ಎನ್ನುವುದನ್ನು ಇಲ್ಲಿ ಹಿಟ್ಟು ಎನ್ನುತ್ತಾರೆ, ಊಟ ಆಯಿತೇ ಎನ್ನುವುದನ್ನೂ "ಹಿಟ್ಟುಂಡ್ಯಾ?" ಎಂದೇ ಕೇಳುತ್ತಾರೆ. ಕುದಿಯುವ ನೀರಿಗೆ ರಾಗಿ ಹಿಟ್ಟನ್ನು ಗುಡ್ಡೆಯಾಗಿ ಸುರಿದು, ಕೆದಕದೆ ಬೇಯಲು ಬಿಡಬೇಕು. ಆಮೇಲೆ ಕವೆಗೋಲಿನಿಂದ ಪಾತ್ರೆಯನ್ನು ಒತ್ತಿ ಹಿಡಿದು ಕೋಲಿನಿಂದ ತೊಳಸಬೇಕು. ಅವಸರ ಮಾಡಿದರೆ ಗಂಟು ಉಳಿಯುತ್ತದೆ. ಗಂಟಿನೊಳಗೆ ಹಸಿ ಹಿಟ್ಟು ಇರುತ್ತದೆ. ಕೆಲವರು ಅಕ್ಕಿ ನುಚ್ಚು ಸೇರಿಸುತ್ತಾರೆ, ಹಿಟ್ಟು ಮೆದುವಾಗುತ್ತದೆ. ನನಗೆ ಬರಿ ರಾಗಿಯದೇ ಇಷ್ಟ. ಚೆನ್ನಾಗಿ ಬೆಂದ ಹಿಟ್ಟನ್ನು ಒದ್ದೆ ಬೆರಳಿನಿಂದ ಒತ್ತಿದರೆ ಅಂಟುವುದಿಲ್ಲ, ಮುರಿದರೆ ಒಳಗಿನಿಂದ ಹಬೆ ಏಳುತ್ತದೆ. ಮೊದಲೇ ಕಟ್ಟಿ ಡಬ್ಬಿಯಲ್ಲಿ ಮುಚ್ಚಿಟ್ಟದ್ದರ ಮೇಲೆ ಬೆವರಿನ ಪದರ ಬಂದಿರುತ್ತದೆ. ಅದನ್ನು ತಟ್ಟೆಗೆ ಹಾಕಿಸಿಕೊಳ್ಳಬೇಡಿ. ಹೊಸಬರು ಅಗಿಯಲು ಹೋಗಿ ಹಲ್ಲಿಗೆಲ್ಲ ಮೆತ್ತಿಸಿಕೊಳ್ಳುತ್ತಾರೆ. ಅಡಿಕೆಯಷ್ಟು ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗಿ.

ಈ ರಾಗಿಯ ಹಿಂದೆಯೂ ಒಬ್ಬರಿದ್ದಾರೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಬದುಕಿಡೀ ರಾಗಿಯ ಕೆಲಸ ಮಾಡಿದ ವಿಜ್ಞಾನಿ ಲಕ್ಷ್ಮಣಯ್ಯ. ಭಾರತದ ರಾಗಿಗೂ ಆಫ್ರಿಕದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟವರು. ಹಳೆ ಮೈಸೂರು ಸೀಮೆಯ ಒಣಭೂಮಿಯ ಮನೆಗಳಲ್ಲಿ ರಾತ್ರಿಯ ಹಿಟ್ಟಿಗೆ ಬರವಾಗದಂತೆ ನೋಡಿಕೊಂಡವರಲ್ಲಿ ಅವರ ಹೆಸರು ಮೊದಲು ಬರಬೇಕು.

ಹುರುಳಿಯದು ಇನ್ನೊಂದು ಕತೆ. ಇಲ್ಲಿನ ಮನೆಗಳಲ್ಲಿ ಉಳುವ ಎತ್ತುಗಳಿಗೆಂದು ಹುರುಳಿ ಬೇಯಿಸುತ್ತಿದ್ದರು. ಕಾಳು ಎತ್ತಿಗೆ, ಬಸಿದ ಕಟ್ಟು ಮನುಷ್ಯರಿಗೆ. ಆ ಕಟ್ಟಿನ ಸಾರು ಅಂದಿಗಿಂತ ಮಾರನೆಯ ದಿನಕ್ಕೆ ರುಚಿ, ಕುದಿದಷ್ಟೂ ಕಪ್ಪಗೆ, ಗಟ್ಟಿಯಾಗಿ. ಎತ್ತು ಹೋಗಿ ಟ್ರ್ಯಾಕ್ಟರ್ ಬಂದ ಮೇಲೆ ದೊಡ್ಡ ಹಂಡೆಯಲ್ಲಿ ಹುರುಳಿ ಬೇಯಿಸುವುದೇ ಕಡಿಮೆಯಾಯಿತು, ಕಟ್ಟೂ ತೆಳುವಾಯಿತು.

ಕಾಳು ಬೇಯುವುದಕ್ಕೆ ನೀರೂ ಒದಗಬೇಕು. ಗಡಸು ನೀರಿನಲ್ಲಿ ಹುರುಳಿ ಎಷ್ಟು ಹೊತ್ತು ಕುದಿದರೂ ಮೆತ್ತಗಾಗುವುದಿಲ್ಲ. ಹಿಂದಿನವರು ಅಡುಗೆಗೆಂದೇ ಸೀನೀರಿನ ಬಾವಿಯನ್ನು ಬೇರೆ ಗುರುತಿಟ್ಟುಕೊಳ್ಳುತ್ತಿದ್ದರು. ವಿಯೆಟ್ನಾಂನ ಹೊಯಿ ಆನ್ ಪಟ್ಟಣದಲ್ಲಿ ಕಾವ್ ಲಾವ್ ಎಂಬ ಶಾವಿಗೆಯ ಅಡುಗೆಯಿದೆ. ಅದಕ್ಕೆ ಊರಿನ ಬಾ ಲೇ ಬಾವಿಯ ನೀರೇ ಆಗಬೇಕು ಎಂದು ಅಲ್ಲಿನವರು ನಂಬುತ್ತಾರೆ. ಗೆಳೆಯ ಇದನ್ನು ಹೇಳಿದಾಗ ನನಗೆ ನೆನಪಾದದ್ದು ಅಬ್ದುಲ್ ನಜೀರ್ ಸಾಬ್. ಗುಂಡ್ಲುಪೇಟೆ ಕಂಡ ಆ ಧೀಮಂತ, ಎಂಬತ್ತರ ದಶಕದಲ್ಲಿ ಮಂತ್ರಿಯಾಗಿ ಹಳ್ಳಿ ಹಳ್ಳಿಗೆ ಕೊಳವೆಬಾವಿ ಕೊರೆಸಿ 'ನೀರ್‌ಸಾಬ್' ಆದರು. ಅವರು ಕೊಟ್ಟ ನೀರಿನಲ್ಲಿ ಎಷ್ಟು ಮನೆಗಳ ಒಲೆ ಉರಿದಿದೆ!

ನನ್ನನ್ನು ನೋಯಿಸುವ ಸಂಗತಿಯೊಂದನ್ನೂ ಹೇಳಬೇಕು. ಈ ನೆಲ ತರಕಾರಿಯ ಕಣಜ. ಕೋಸು, ಬೀಟ್‌ರೂಟು, ಟೊಮೆಟೊ, ಸಾಂಬಾರ್ ಈರುಳ್ಳಿ, ಬೆಳ್ಳುಳ್ಳಿ ಎಲ್ಲವೂ ಗುಂಡ್ಲುಪೇಟೆ, ತೆರಕಣಾಂಬಿಯ ಮಾರುಕಟ್ಟೆಗಳಿಂದ ಲಾರಿ ಹತ್ತಿ ಕೇರಳಕ್ಕೆ, ತಮಿಳುನಾಡಿಗೆ ಹೋಗುತ್ತವೆ. ಓಣಂ ಸಾಂಬಾರಿನಲ್ಲಿ ನಮ್ಮ ಈರುಳ್ಳಿ ಇರುತ್ತದೆ, ನಮ್ಮ ಹೆದ್ದಾರಿಯ ತಟ್ಟೆಯಲ್ಲಿ ಇರುವುದಿಲ್ಲ. ಒಂದು ಮಳೆಗಾಲದ ಮಧ್ಯಾಹ್ನ, ಎರಡೂ ಬದಿ ಸೂರ್ಯಕಾಂತಿ, ಚೆಂಡುಹೂವು ಅರಳಿ ನಿಂತಿದ್ದಾಗ ಈ ದಾರಿಯ ಒಂದು ದೊಡ್ಡ ಹೋಟೆಲಿನಲ್ಲಿ ಸೊಪ್ಪಿನ ಸಾರು ಇದೆಯೇ ಎಂದು ಕೇಳಿದೆ. ಮಾಣಿ ಪಾಲಕ್ ಪನೀರ್ ತಂದಿಟ್ಟ. ತಪ್ಪು ಆ ಹುಡುಗನದಲ್ಲ. ಕೇಳುವವರಿಲ್ಲದ ಕಡೆ ಯಾರು ತಾನೇ ಮಾಡುತ್ತಾರೆ? ದಯವಿಟ್ಟು ಕೇಳಿ. ಪ್ರತಿ ಸಲ, ಪ್ರತಿ ಹೋಟೆಲಿನಲ್ಲಿ, "ಉಪ್ಸಾರು ಇದೆಯಾ?" ಎಂದು ಕೇಳಿ.

ಹೊತ್ತಿನ ಲೆಕ್ಕವೂ ತಿಳಿದಿರಲಿ. 2009ರಿಂದ ಬಂಡೀಪುರದ ಕಾಡಿನ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿಷೇಧವಿದೆ. ಪ್ರಾಣಿಗಳಿಗೆ ನೆಮ್ಮದಿ ತಂದ ಆ ಆದೇಶ ಗುಂಡ್ಲುಪೇಟೆಯ ಒಲೆಗಳ ವೇಳೆಯನ್ನೂ ಬದಲಿಸಿತು. ಗೇಟು ತೆರೆಯಲು ಕಾದ ಲಾರಿಯವರಿಗಾಗಿ ನಸುಕಿನಲ್ಲೇ ಚಹಾ ಕುದಿಯುತ್ತದೆ. ವಯನಾಡಿನ ಕಡೆಯ ದಾರಿಯ ಮಲಯಾಳಿ ಹೋಟೆಲುಗಳಲ್ಲಿ ಆ ಹೊತ್ತಿಗೆ ಪುಟ್ಟು, ಕಡಲೆ ಸಾರು ಬಿಸಿಬಿಸಿ ಸಿಗುತ್ತದೆ. ಅದನ್ನು ಉಣ್ಣಲು ಎದ್ದು ಹೋಗುವುದು ಸಾರ್ಥಕ. ಪರೋಟವನ್ನು ಸಂಜೆಗೆ ಇಟ್ಟುಕೊಳ್ಳಿ. ಭಾನುವಾರ ಮಧ್ಯಾಹ್ನ ನಾಟಿ ಕೋಳಿ ಸಾರಿಗೆ. ಮೂಳೆ ಗಟ್ಟಿಯಿದ್ದು ಸಾರು ತೆಳ್ಳಗಿದ್ದರೆ ನಿಜವಾದ ನಾಟಿ. ಶ್ರಾವಣ ಶನಿವಾರಗಳಲ್ಲಿ ಮಾತ್ರ ಹಂಗಳದಲ್ಲಿ ನಿಧಾನದ ಊಟ ಸಿಗದು, ಬೆಟ್ಟಕ್ಕೆ ಹೊರಟವರಿಂದ ಊರು ತುಂಬಿರುತ್ತದೆ. ಅವರೆ ಬೇಕೆಂದರೆ ಡಿಸೆಂಬರ್, ಜನವರಿಗೆ ಬನ್ನಿ. ಇಬ್ಬನಿ ಕುಡಿದ ಸೊಗಡಿನ ಕಾಯಿ, ಹಿದುಕಿದ ಬೇಳೆಯ ಸಾರು, ಅದರೊಂದಿಗೆ ಹಿಟ್ಟು.

ಜಿಲ್ಲೆಯ ಅತಿ ದೊಡ್ಡ ಊಟ ಇರುವುದು ಹೋಟೆಲಿನಲ್ಲಲ್ಲ, ಕೊಳ್ಳೇಗಾಲದ ಆಚೆ ಚಿಕ್ಕಲ್ಲೂರಿನಲ್ಲಿ. ಸಿದ್ದಪ್ಪಾಜಿ ಜಾತ್ರೆಯ ಪಂಕ್ತಿಸೇವೆಯ ದಿನ ಬಯಲಿನಲ್ಲಿ ಒಲೆ ಹೂಡಿ, ಜಾತಿ ಕೇಳದೆ ಸಾಲಾಗಿ ಕೂತು ಬಾಡೂಟ ಉಣ್ಣುತ್ತಾರೆ. ಅದರ ಬಗ್ಗೆ ಒಂದು ವಾರದ ಅಂಕಣವೇ ಬೇಕು.

ಅವ್ವನ ಅಂಗಡಿಗೆ ಮರಳುತ್ತೇನೆ. ಎರಡನೇ ಹಿಟ್ಟು ಮುರಿಯುವ ಹೊತ್ತಿಗೆ ಕಾರೊಂದು ನಿಂತಿತು. ಇಳಿದ ಹುಡುಗರು ಏನಿದೆ ಎಂದು ಕೇಳಿ, ತಮ್ಮೊಳಗೆ ಮಾತಾಡಿಕೊಂಡು, ಅಳುಕುತ್ತಲೇ ಬೆಂಚಿನ ತುದಿಗೆ ಕೂತರು. ಅವರಿಗೆ ಬಡಿಸಿದ ಮೇಲೆ ಸಿಲ್ವಾರದ ಪಾತ್ರೆಯ ತಳ ಕಾಣಿಸಿತು. ಆದರೂ ಮೂಲೆಯಲ್ಲಿ ಸಣ್ಣ ಮಡಕೆಯೊಂದು ಮುಚ್ಚಿಟ್ಟಂತೆಯೇ ಇತ್ತು. ಅದೇನು ಎಂದು ಕೇಳಿದೆ.

"ಕಟ್ಟು. ಇವತ್ತು ಬುಟ್ಟಿಲ್ಲ, ನಾಳಿಕ ಸರಿಯಾಯ್ತದ. ನಾಳಿಕ ಬಾ" ಎಂದರು.

ಮಾರನೆಯ ದಿನ ಮತ್ತೆ ಗುಂಡ್ಲುಪೇಟೆ ದಾಟಿ, ಹನ್ನೆರಡಕ್ಕೆ ಮುಂಚೆಯೇ ಹಂಗಳದಲ್ಲಿ ಇಳಿದೆ. ಕಟ್ಟು ಇನ್ನೂ ಕುದಿಯುತ್ತಿತ್ತು.