ಹನಿಗೆ ಕಿರೀಟವೇಕೆ?

ಮುಂಬಯಿಯ ಹವ್ಯಾಸಿಗಳ ಛಾಯಾಚಿತ್ರ ಪ್ರದರ್ಶನಗಳಲ್ಲಿ ನೀರಹನಿಯ ಚಿತ್ರಕ್ಕೆ ಸಿಗುವ ಮನ್ನಣೆ ಅದರ ಯೋಗ್ಯತೆಗೆ ಮೀರಿದ್ದು. ನೀಲಿ ಹಿನ್ನೆಲೆ, ಗಾಜಿನಂಥ ಕಿರೀಟ, ಅದರ ಮೇಲೊಂದು ಕೊಡೆ: ವರ್ಷ ವರ್ಷವೂ ಇದೇ ಚಿತ್ರ, ಇದೇ ಬೆರಗು. ಅಮೆರಿಕದ ಎಂಜಿನಿಯರ್ ಹೆರಾಲ್ಡ್ ಎಡ್ಜರ್ಟನ್ 1957ರಲ್ಲಿ ತೆಗೆದ ಹಾಲಿನ ಹನಿಯೇ ಇವಕ್ಕೆಲ್ಲ ಮಾದರಿ.

ಇದರಲ್ಲಿ ಶ್ರಮವಿಲ್ಲ ಎಂದು ನಾನು ಹೇಳಲಾರೆ. ಲ್ಯಾಮಿಂಗ್ಟನ್ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಂದ ಹನಿಯನ್ನು ಅಳೆದು ಬಿಡುವ ಸೊಲೆನಾಯ್ಡ್ ವಾಲ್ವ್ ತರುವವರಿದ್ದಾರೆ. ಆಗದವರು ಅಡುಗೆಮನೆಯಲ್ಲೇ ಸಲೈನ್ ಡ್ರಿಪ್ ಸೆಟ್ ತೂಗುಹಾಕುತ್ತಾರೆ. 40 ಸೆಂ.ಮೀ. ಎತ್ತರದಿಂದ ಬಿದ್ದ ಹನಿ ನೀರು ಮುಟ್ಟುವಾಗ ಅದರ ವೇಗ ಸೆಕೆಂಡಿಗೆ ಸುಮಾರು 2.8 ಮೀಟರ್. ಶಟರ್ 1/200 ಸೆಕೆಂಡು ತೆರೆದಿದ್ದರೆ ಅಷ್ಟರಲ್ಲಿ ಹನಿ 14 ಮಿ.ಮೀ. ಇಳಿದು ಬರೀ ಗೀಟಾಗುತ್ತದೆ. ಅದಕ್ಕೇ ಕೋಣೆ ಕತ್ತಲು ಮಾಡಿ, ಫ್ಲ್ಯಾಶನ್ನು ತೀರ ಕಡಿಮೆ ಶಕ್ತಿಗೆ ಇಳಿಸುವುದು. ಶಕ್ತಿ ಇಳಿದಷ್ಟೂ ಮಿಂಚು ಚುಟುಕಾಗುತ್ತದೆ. 1/20,000 ಸೆಕೆಂಡಿನ ಬೆಳಕಿನಲ್ಲಿ ಹನಿ ಜರುಗುವುದು 0.14 ಮಿ.ಮೀ. ಮಾತ್ರ. ಮೊದಲ ಹನಿ ತೋಡಿದ ಗುಳಿ ಮುಚ್ಚಿಕೊಂಡಾಗ ನಡುವಿನಿಂದ ನೀರಿನ ಕಂಬವೊಂದು ಏಳುತ್ತದೆ. ಎರಡನೆಯ ಹನಿ ಅದರ ತಲೆಗೆ ಬಡಿದರೆ ಕೊಡೆ ಬಿಚ್ಚಿಕೊಳ್ಳುತ್ತದೆ. ಗಳಿಗೆ ತಪ್ಪಿದರೆ ಕಂಬವಷ್ಟೇ. ಗೋರಿಕಾಯಿ ಬೀಜದ ಗ್ವಾರ್ ಗಮ್ ಬೆರೆಸಿ ನೀರನ್ನು ಮಂದ ಮಾಡುವುದು ಈ ಆಕಾರಕ್ಕಾಗಿಯೇ.

ಎಲ್ಲವನ್ನೂ ಯಂತ್ರವೇ ಮಾಡುವುದರಿಂದ ಇದು ಕಲೆಯಲ್ಲ ಎನ್ನುವ ವಿಮರ್ಶಕರ ಪಂಗಡವೊಂದಿದೆ. ಅವರ ಜೊತೆ ನನ್ನನ್ನು ಸೇರಿಸಬೇಡಿ. ವಾಲ್ವ್ ಮೋಸವೆಂದಾದರೆ ಫ್ಲ್ಯಾಶೂ ಮೋಸ, ಮಸೂರವೂ ಮೋಸ. ಯಂತ್ರ ಮುನ್ನೂರು ಚಿತ್ರ ಕೊಡುತ್ತದೆ. ಅದರಲ್ಲಿ ಒಂದನ್ನು ಉಳಿಸಿಕೊಂಡು ಉಳಿದದ್ದನ್ನು ಅಳಿಸುವವನು ಮನುಷ್ಯ. ತಪ್ಪು ನಡೆಯುವುದು ಅಲ್ಲಿ, ಆ ಆಯ್ಕೆಯಲ್ಲಿ. ಈ ವಿಮರ್ಶಕರು ವಾಲ್ವನ್ನು ಬೈಯುತ್ತಾ ಕೂತು ಅತ್ತ ನೋಡುವುದೇ ಇಲ್ಲ.

ಆ ನೀರಿನ ಕಂಬಕ್ಕೆ ಹೆಸರು ಕೊಟ್ಟ ಇಂಗ್ಲೆಂಡಿನ ಭೌತವಿಜ್ಞಾನಿ ಆರ್ಥರ್ ವರ್ದಿಂಗ್ಟನ್ ಸುಮಾರು ಎರಡು ದಶಕ ಕಾಲ ಕಿಡಿಯ ಬೆಳಕಿನಲ್ಲಿ ಕಣ್ಣಾರೆ ಕಂಡು ಹನಿಗಳನ್ನು ಬಿಡಿಸಿದರು. ಎಲ್ಲವೂ ಅಚ್ಚುಕಟ್ಟು, ಎಲ್ಲ ಕಡೆ ಸಮ. 1894ರಲ್ಲಿ ಛಾಯಾಚಿತ್ರ ಕೈಗೂಡಿದಾಗ ಕಂಡದ್ದು ಓರೆಕೋರೆ, ಮುರಿದ ಅಂಚು. ಇಷ್ಟು ದಿನ ತಾನು ಆಕಸ್ಮಿಕವೆಂದು ತಳ್ಳಿದ್ದೇ ಹನಿಯ ನಿಜ ಎಂದು ಅವರು ಬಹಿರಂಗವಾಗಿ ಒಪ್ಪಿಕೊಂಡರು. ಆ ಪ್ರಾಮಾಣಿಕತೆ ನನಗೆ ಇಂದಿಗೂ ದೊಡ್ಡದು. ಎಡ್ಜರ್ಟನ್ನರ ಕಿರೀಟವನ್ನೇ ಹತ್ತಿರದಿಂದ ನೋಡಿ, ಅದರ ಮುತ್ತುಗಳು ಒಂದೇ ಗಾತ್ರದವಲ್ಲ. ಮುನ್ನೂರರಲ್ಲಿ ಸಮವಾದ ಒಂದನ್ನೇ ಉಳಿಸಿಕೊಳ್ಳುವ ನಮ್ಮ ಹವ್ಯಾಸಿಗಳು ಕ್ಯಾಮೆರಾ ಕೊಟ್ಟ ಈ ತಿಳಿವನ್ನು ಕ್ಯಾಮೆರಾದಿಂದಲೇ ಅಳಿಸುತ್ತಿದ್ದಾರೆ.

ಅದೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹನಿ ಬೀಳದ ಜಾಗವೇ ಇಲ್ಲದ ಊರಿನಲ್ಲಿ! ಲೋಕಲ್ ರೈಲಿನ ಕಿಟಕಿ ಸರಳಿನಲ್ಲಿ ಸಾಲಾಗಿ ಜೋತ ಹನಿ, ಆರೆ ಕಾಡಿನ ಕೆಸುವಿನೆಲೆಯ ಮೇಲೆ ಅಂಟದೆ ಉರುಳುವ ಹನಿ. ತೀರ್ಪುಗಾರರ ಕಣ್ಣಿಗೆ ಇವು ಬರೀ ಮಳೆ. ಒಂದು ಜುಲೈಯಲ್ಲಿ ನಮ್ಮ ಕಿಟಕಿಯ ಕೆಳಗಿನ ಮಾಡಿಗೆ ಹೊದಿಸಿದ್ದ ನೀಲಿ ತಾಡಪತ್ರಿಯ ಮೇಲೆ ಬಿದ್ದ ಹನಿಯೊಂದನ್ನು ಹಿಡಿದೆ. ಇಳಿಜಾರಿನ ಕಡೆಗೆ ಕಿರೀಟ ಎದ್ದಿದೆ, ಮೇಲಿನ ಕಡೆ ಬರೀ ತೆಳು ಪೊರೆ. ಆ ಪೊರೆಯ ಮೂಲಕ ತಾಡಪತ್ರಿಯ ನೇಯ್ಗೆಯ ಎಳೆಗಳು ಒಂದೊಂದಾಗಿ ಕಾಣುತ್ತವೆ.