ಪ್ರತಿರೂಪಕ ವ್ಯವಹಾರ: ಅಗ್ಗದ ಉಡುಪಿನ ಒಂದು ವಿಮರ್ಶೆ

ಮದುವೆಯ ಹಂಗಾಮು ಬಂತೆಂದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ಪೇಟೆಗಳ ಬಟ್ಟೆ ಅಂಗಡಿಗಳಲ್ಲಿ ಒಂದೇ ಬಗೆಯ ಬೇಡಿಕೆ ಕೇಳಿಬರುತ್ತದೆ. ದೂರದರ್ಶನದಲ್ಲೋ ಮೊಬೈಲಿನಲ್ಲೋ ಕಂಡ ಡಿಸೈನರ್ ಉಡುಪಿನಂಥದೇ ಬೇಕು, ಬೆಲೆ ಮಾತ್ರ ಕೈಗೆಟುಕುವಂತಿರಬೇಕು. ಮುಂಬಯಿ, ದಿಲ್ಲಿಗಳ ವಸ್ತ್ರವಿನ್ಯಾಸಕರು ಲಕ್ಷಗಟ್ಟಲೆ ಬೆಲೆಗೆ ಮಾರುವ ಲೆಹಂಗಾದ ಹೋಲಿಕೆಯೊಂದು ಸೂರತ್ತಿನ ಕೃತಕ ನೂಲಿನಲ್ಲಿ ತಯಾರಾಗಿ ಬೇಗನೆ ಇಲ್ಲಿಗೂ ತಲುಪುತ್ತದೆ. ಕೊಳ್ಳುವವರಿಗೂ ಸಮಾಧಾನ, ಮಾರುವವರಿಗೂ ಲಾಭ.

ಈ ಬೇಡಿಕೆಯನ್ನು ಹಳಿಯುವುದು ಸುಲಭ, ಆದರೆ ನ್ಯಾಯವಲ್ಲ. ಹತ್ತಿ, ಕಬ್ಬು, ಗೋವಿನಜೋಳ ಬೆಳೆದು ಬದುಕುವ ಕುಟುಂಬವು ಸಾಲದ ಹೊರೆ ಹೊರದೆ ಮಗಳಿಗೆ ಚೆಂದದ ಬಟ್ಟೆ ಉಡಿಸಬೇಕೆಂದು ಬಯಸುವುದು ವಿವೇಕದ ಮಾತೇ ಆಗಿದೆ. ವಿಚಾರ ಮಾಡಬೇಕಾದದ್ದು ಬೇರೆಯೇ ಇದೆ. ಅಗ್ಗದ ಪರ್ಯಾಯಗಳೆಲ್ಲ ಒಂದೇ ಜಾತಿಯವಲ್ಲ. ಬೆಲೆಯುಳ್ಳ ವಸ್ತುವಿನ ಬದಲಿಗೆ ತನ್ನದೇ ಹೆಸರಿನಿಂದ ನಿಲ್ಲುವ ವಸ್ತು ಒಂದು. ಆ ವಸ್ತುವಿನ ಹೆಸರನ್ನೇ ಕದ್ದು ಅದರ ಸ್ಥಾನದಲ್ಲಿ ಕೂರುವ ವಸ್ತು ಇನ್ನೊಂದು. ಮೊದಲನೆಯದು ಬದಲಿ, ಎರಡನೆಯದು ನಕಲಿ. ಇವೆರಡನ್ನೂ ಒಂದೇ ಕಪಾಟಿನಲ್ಲಿಟ್ಟು ಒಂದೇ ಮಾತಿನಿಂದ ಮಾರುವ ರೂಢಿಯೇ ವಿಮರ್ಶೆಗೆ ಒಳಗಾಗಬೇಕಾದ ಸಂಗತಿ.

ಶ್ರಾವಕಾಚಾರಕ್ಕೆ ಈ ಭೇದ ಹೊಸದಲ್ಲ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಅವುಗಳಲ್ಲಿ ಕೊನೆಯದು ಪ್ರತಿರೂಪಕ ವ್ಯವಹಾರ, ಎಂದರೆ ಹೋಲಿಕೆಯ ವಸ್ತುವನ್ನು ಅಸಲೆಂದು ನಡೆಸುವುದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದನ್ನೇ ಸದೃಶಸನ್ಮಿಶ್ರವೆಂದು, ಒಂದರಂತೆ ಕಾಣುವ ಇನ್ನೊಂದನ್ನು ಬೆರೆಸುವುದೆಂದು, ಗುರುತಿಸುತ್ತಾರೆ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಆಚಾರ್ಯರು ಅಗ್ಗದ ವಸ್ತುವನ್ನು ಮಾರುವುದು ದೋಷವೆಂದು ಹೇಳಲಿಲ್ಲ. ಹೋಲಿಕೆಯ ಮರೆಯಲ್ಲಿ ನಡೆಯುವ ವ್ಯವಹಾರವನ್ನು ಕಳವಿನ ಸಾಲಿನಲ್ಲಿ ಇರಿಸಿದರು. ದೋಷವು ಬಟ್ಟೆಯಲ್ಲಿಲ್ಲ, ಮಾತಿನಲ್ಲಿದೆ.

ಬದಲಿ ಹೇಗಿರಬೇಕೆಂಬುದಕ್ಕೆ ಉತ್ತರ ಕರ್ನಾಟಕದಲ್ಲಿಯೇ ಒಂದು ಉತ್ತಮ ನಿದರ್ಶನವಿದೆ. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಹೆಸರು ಹೊತ್ತ ಸೀರೆಯ ಒಡಲು ಸಾಮಾನ್ಯವಾಗಿ ಹತ್ತಿಯದು, ದಡಿ ಮತ್ತು ಸೆರಗು ರೇಷ್ಮೆಯವು. ರೇಷ್ಮೆ ತುಟ್ಟಿಯಾದಾಗ ನೇಕಾರರೇ ಅದರ ಸ್ಥಾನದಲ್ಲಿ ಕೃತಕ ರೇಷ್ಮೆಯನ್ನು, ಎಂದರೆ ರೇಯಾನ್ ನೂಲನ್ನು ತಂದರು. ಅದಕ್ಕೆ ಅವರಿಟ್ಟ ಹೆಸರು ‘ಚಮಕ’. ಚಮಕದ ಸೀರೆ ರೇಷ್ಮೆಯ ಸೀರೆಗಿಂತ ಅಗ್ಗ. ಅದನ್ನು ಕೊಂಡ ಹೆಣ್ಣುಮಗಳಿಗೂ ತಾನು ಉಟ್ಟದ್ದು ಚಮಕವೆಂಬುದು ಗೊತ್ತು. ನೇಯ್ಗೆಯಲ್ಲಿ ಮಾತ್ರ ರಿಯಾಯಿತಿ ಇಲ್ಲ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸಬೇಕು. ಆದ್ದರಿಂದ ಪ್ರತಿಯೊಂದು ಸೀರೆಗೂ ಪ್ರತ್ಯೇಕವಾಗಿ ಹಾಸು ಸಿದ್ಧಪಡಿಸಬೇಕಾಗುತ್ತದೆ. ಒಡಲಿಗೊಂದು, ಎರಡು ದಡಿಗಳಿಗೆ ಎರಡು, ಹೀಗೆ ಮೂರು ಲಾಳಿಗಳು ಓಡುತ್ತವೆ. ಕೆಂಪು ಸೆರಗಿನ ಮೇಲೆ ಬಿಳಿಯ ಟೋಪಿ ತೆನೆ ಮೂಡುತ್ತದೆ. ಇಲ್ಲಿ ನೂಲು ಅಗ್ಗವಾಯಿತೇ ಹೊರತು ಕೆಲಸವೂ ಹೆಸರೂ ಸುಳ್ಳಾಗಲಿಲ್ಲ. ನೇಕಾರಿಕೆಗೆ ಹೆಸರಾದ ರಾಮದುರ್ಗ, ಸುರೇಬಾನಗಳಂಥ ಊರುಗಳಲ್ಲಿ ಈ ಮಾತನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ.

ಅಹಿಂಸೆಯ ದೃಷ್ಟಿಯಿಂದಲೂ ಈ ಬದಲಿ ವಿಚಾರಾರ್ಹವಾಗಿದೆ. ಒಂದು ರೇಷ್ಮೆ ಸೀರೆಯ ಹಿಂದೆ ಬಿಸಿನೀರಿನಲ್ಲಿ ಬೆಂದ ಸಾವಿರಾರು ಗೂಡುಗಳಿರುತ್ತವೆ. ಚಿಟ್ಟೆ ಗೂಡು ಸೀಳಿ ಹೊರಬಂದ ಮೇಲೆ ಉಳಿದ ನೂಲಿನಿಂದ ಮಾಡಿದ ‘ಅಹಿಂಸಾ ರೇಷ್ಮೆ’ಯನ್ನು ಹೈದರಾಬಾದಿನ ಕುಸುಮ ರಾಜಯ್ಯ ಅವರು ಪ್ರಚಾರಕ್ಕೆ ತಂದರು. ಪ್ರಯತ್ನ ಶ್ಲಾಘ್ಯವೇ, ಆದರೆ ಅದರ ಬೆಲೆ ಸಾಮಾನ್ಯ ರೇಷ್ಮೆಗಿಂತ ಹೆಚ್ಚು, ಅದೂ ಈಗ ಸಿರಿವಂತರ ಆಯ್ಕೆಯೇ ಆಗಿದೆ. ಹತ್ತಿಯ ಒಡಲು, ಚಮಕದ ದಡಿಯುಳ್ಳ ಸೀರೆಯಾದರೋ ಬಡವರ ಕೈಗೂ ಎಟುಕುತ್ತದೆ, ಹುಳುವನ್ನೂ ಕೊಲ್ಲುವುದಿಲ್ಲ. ಹಾಗೆಂದು ರೇಯಾನನ್ನು ಪೂರ್ಣ ನಿರ್ದೋಷಿಯೆನ್ನಲಾಗದು. ಮರದ ತಿರುಳನ್ನು ರಾಸಾಯನಿಕಗಳಲ್ಲಿ ಕರಗಿಸಿ ಆ ನೂಲನ್ನು ತೆಗೆಯುತ್ತಾರೆ. ಎಚ್ಚರ ತಪ್ಪಿದಲ್ಲಿ ನದಿಯ ನೀರೂ ದುಡಿಯುವವರ ಆರೋಗ್ಯವೂ ಕೆಡುತ್ತವೆ. ಗೃಹಸ್ಥನಿಗೆ ಸಾಧ್ಯವಿರುವುದು ಹಿಂಸೆಯನ್ನು ಕಡಿಮೆ ಮಾಡುವ ಆಯ್ಕೆ. ಆ ಆಯ್ಕೆಗೂ ನೂಲಿನ ನಿಜವಾದ ಹೆಸರು ಅವನಿಗೆ ತಿಳಿದಿರಬೇಕು.

ಇನ್ನು ನಕಲಿಯ ಕಡೆ ನೋಡಬಹುದು. ಪಾಲಿಯೆಸ್ಟರ್ ಬಟ್ಟೆಯ ಮೇಲೆ ಟೋಪಿ ತೆನೆಯನ್ನು ಅಚ್ಚು ಹಾಕಿ ‘ಇಳಕಲ್ಲ ಕೈಮಗ್ಗದ ಸೀರೆ’ ಎಂದು ಮಾರುವುದುಂಟು. ಯಂತ್ರದಲ್ಲಿ ಹೊಲಿದ ತೇರು, ಗೋಪುರ, ಆನೆ, ತುಳಸಿಕಟ್ಟೆಗಳನ್ನು ‘ಕೈ ಕಸೂತಿ’ ಎನ್ನುವುದುಂಟು. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೋಗುವ ಭಕ್ತರು ಉಡಿ ತುಂಬಲು ಖಣ ಕೊಳ್ಳುತ್ತಾರೆ. ಗುಳೇದಗುಡ್ಡದ ಮಗ್ಗದ ಹೆಸರು ಹೇಳಿ ಅವರಿಗೆ ಬೇರೆ ಕಡೆಯ ಯಂತ್ರದ ಬಟ್ಟೆಯನ್ನು ಕೊಡುವುದೂ ಇದೇ ಜಾತಿಗೆ ಸೇರಿದ ವ್ಯವಹಾರ.

ಇದರ ಪರೀಕ್ಷೆ ಕಷ್ಟದ್ದಲ್ಲ, ಬಟ್ಟೆಯನ್ನು ಮಗುಚಿ ನೋಡಿದರೆ ಸಾಕು. ಕೈ ಕಸೂತಿಯ ಗವಂತಿ ಮತ್ತು ಮುರಗಿ ಹೊಲಿಗೆಗಳು ಎಳೆ ಎಣಿಸಿ ಹಾಕಿದವು. ಅವುಗಳಲ್ಲಿ ಗಂಟಿರುವುದಿಲ್ಲ, ಮುಂದೆ ಕಂಡ ಚಿತ್ತಾರವೇ ಹಿಂದೆಯೂ ಕಾಣುತ್ತದೆ. ಯಂತ್ರದ ಹೊಲಿಗೆಯ ಬೆನ್ನಿನಲ್ಲಿ ಬೇರೊಂದು ದಾರ ಎದ್ದು ಕಾಣುತ್ತದೆ. ಅಚ್ಚಿನ ಚಿತ್ತಾರ ಬೆನ್ನಿನಲ್ಲಿ ಮಾಸಲಾಗಿರುತ್ತದೆ. ಸೆರಗು ಒಡಲನ್ನು ಕೂಡುವ ಗೆರೆಯಲ್ಲಿ ಕುಣಿಕೆಗಳ ಸಾಲು ಇದೆಯೇ ಎಂಬುದನ್ನೂ ಕೈಯಿಂದ ಮುಟ್ಟಿ ತಿಳಿಯಬಹುದು. ಸರಕಾರವೂ ಕೈ ಕಟ್ಟಿ ಕುಳಿತಿಲ್ಲ. 1985ರ ಕಾಯ್ದೆಯೊಂದು ಕೆಲವು ಬಗೆಯ ಬಟ್ಟೆಗಳ ಉತ್ಪಾದನೆಯನ್ನು ಕೈಮಗ್ಗಕ್ಕೇ ಮೀಸಲಿಟ್ಟಿತು. 1993ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಮೀಸಲು ಪಟ್ಟಿಯಲ್ಲಿದ್ದ 22 ವಸ್ತುಗಳು 1996ರಲ್ಲಿ 11ಕ್ಕೆ ಇಳಿದವಾದರೂ ನಿರ್ದಿಷ್ಟ ಲಕ್ಷಣಗಳ ಸೀರೆಗಳು ಅದರಲ್ಲಿ ಉಳಿದವು. 2006ರಲ್ಲಿ ಕೈಮಗ್ಗದ ಗುರುತುಚೀಟಿ ಬಂದಿತು. ರಾಜ್ಯದ ನಿಯಮವನ್ನು ಮೀರುವುದು ಕೂಡ ಅಚೌರ್ಯವ್ರತದ ಅತಿಚಾರಗಳಲ್ಲಿ ಒಂದೆಂಬುದನ್ನು ವ್ಯಾಪಾರಿಗಳು ಮರೆಯುವಂತಿಲ್ಲ.

ಇಲ್ಲಿ ಎರಡು ಆಕ್ಷೇಪಗಳು ಏಳುತ್ತವೆ, ಎರಡೂ ತೂಕವುಳ್ಳವು. ವಿದ್ಯುತ್ ಮಗ್ಗದಲ್ಲಿ ದುಡಿಯುವವರೂ ನೇಕಾರರೇ ಅಲ್ಲವೇ ಎಂಬುದು ಮೊದಲನೆಯದು. ನಿಜವೇ. ಬೆಳಗಾವಿಯ ಶಹಾಪುರ, ವಡಗಾವಿಗಳಲ್ಲಿ ಆ ಮಗ್ಗಗಳನ್ನೇ ನಂಬಿ ಎಷ್ಟೋ ಮನೆಗಳು ನಡೆಯುತ್ತವೆ. ಅವರ ಸೀರೆ ಅವರ ಹೆಸರಿನಲ್ಲಿಯೇ ಮಾರಾಟವಾದರೆ ಯಾರಿಗೂ ಅನ್ಯಾಯವಿಲ್ಲ. ಹೆಸರು ಬದಲಿಸಿದಾಗ ಕೈಮಗ್ಗದವನ ಕೂಲಿ ಇಳಿಯುತ್ತದೆ, ವಿದ್ಯುತ್ ಮಗ್ಗದವನಿಗೆ ಕೀರ್ತಿಯೂ ಸಲ್ಲುವುದಿಲ್ಲ. ಹೆಚ್ಚಿನ ಲಾಭ ನಡುವಿನವನಿಗೆ ಹೋಗುತ್ತದೆ.

ಹೆಸರನ್ನು ನಿಜವಾಗಿ ಹೇಳಿದ ಮಾತ್ರಕ್ಕೆ ನೇಕಾರ ಉಳಿಯುತ್ತಾನೆಯೇ ಎಂಬುದು ಎರಡನೆಯ ಆಕ್ಷೇಪ. ಇದಕ್ಕೆ ರಾಷ್ಟ್ರಧ್ವಜದ ಕಥೆಯೇ ಸಾಕ್ಷಿ. ಧಾರವಾಡ ತಾಲೂಕಿನ ಗರಗದ ಖಾದಿ ಬಟ್ಟೆ ಧ್ವಜಕ್ಕಾಗಿಯೇ ಪ್ರಸಿದ್ಧವಾಯಿತು. ಹುಬ್ಬಳ್ಳಿಯ ಬೆಂಗೇರಿಯ ಖಾದಿ ಘಟಕವೂ ಅದೇ ಕೆಲಸದಿಂದ ಹೆಸರಾಯಿತು. 2021ರ ಡಿಸೆಂಬರ್ 30ರ ತಿದ್ದುಪಡಿಯು ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ಕೊಟ್ಟಿತು. 2022ರಲ್ಲಿ ಮನೆ ಮನೆಯಲ್ಲಿ ಧ್ವಜ ಹಾರಿದಾಗ ಖಾದಿಯವರು ಪ್ರತಿಭಟಿಸಬೇಕಾಯಿತು. ಪಾಲಿಯೆಸ್ಟರ್ ಧ್ವಜ ಯಾರ ಹೆಸರನ್ನೂ ಕದಿಯಲಿಲ್ಲ. ಆದರೂ ಖಾದಿಗೆ ಪೆಟ್ಟು ಬಿದ್ದಿತು. ಆದ್ದರಿಂದ ಹೆಸರಿನ ಸತ್ಯವೊಂದೇ ಸಾಲದು, ಕೊಳ್ಳುವವರ ವಿವೇಕವೂ ಬೇಕು. ಆದರೆ ಹೆಸರೇ ಸುಳ್ಳಾದಲ್ಲಿ ಕೊಳ್ಳುವವರು ವಿವೇಕವನ್ನು ತೋರಿಸುವುದಕ್ಕೆ ಅವಕಾಶವೇ ಇರುವುದಿಲ್ಲ.

ಆ ವಿವೇಕದ ಲೆಕ್ಕ ಹೇಗಿರಬೇಕು? ಸಮಂತಭದ್ರರು ಭೋಗ ಮತ್ತು ಉಪಭೋಗಗಳನ್ನು ಬೇರ್ಪಡಿಸುತ್ತಾರೆ. ಒಮ್ಮೆ ಅನುಭವಿಸಿ ಬಿಡುವಂಥದು ಭೋಗ, ಅನ್ನದಂತೆ. ಮತ್ತೆ ಮತ್ತೆ ಅನುಭವಿಸುವಂಥದು ಉಪಭೋಗ, ವಸ್ತ್ರದಂತೆ. ಇಂದಿನ ಫ್ಯಾಷನ್ನು ವಸ್ತ್ರವನ್ನು ಅನ್ನದ ಸಾಲಿಗೆ ತಂದು ಕೂರಿಸಿದೆ. ಒಂದು ಮದುವೆಯಲ್ಲಿ ಉಟ್ಟದ್ದನ್ನು ಇನ್ನೊಂದರಲ್ಲಿ ಉಟ್ಟರೆ ಅವಮಾನವೆಂಬ ಭಾವನೆ ಬೆಳೆದಿದೆ. ಎರಡು ಸಾವಿರ ರೂಪಾಯಿಯ ನಕಲು ಲೆಹಂಗಾವನ್ನು ಎರಡು ಸಲ ತೊಟ್ಟು ಕಪಾಟಿಗೆ ಸೇರಿಸಿದರೆಂದು ಇಟ್ಟುಕೊಳ್ಳಿ. ಒಂದು ಸಲದ ಖರ್ಚು ಸಾವಿರ ರೂಪಾಯಿ. ನಾಲ್ಕು ಸಾವಿರದ ಕೈಮಗ್ಗದ ಸೀರೆಯನ್ನು ನಲವತ್ತು ಸಲ ಉಟ್ಟರೆ ಒಂದು ಸಲಕ್ಕೆ ನೂರು ರೂಪಾಯಿ. ಲೆಕ್ಕಪುಸ್ತಕ ಬಲ್ಲವರಿಗೆ ಯಾವುದು ಅಗ್ಗವೆಂದು ಹೇಳಬೇಕಾಗಿಲ್ಲ. ಆ ಸೀರೆ ಹಳೆಯದಾದ ಮೇಲೆ ಕೌದಿಯಾಗಿ ಇನ್ನಷ್ಟು ವರ್ಷ ಮನೆಯವರನ್ನು ಬೆಚ್ಚಗಿಡುತ್ತದೆ. ಅಷ್ಟು ಹಣ ಒಮ್ಮೆಗೇ ಕೈಯಲ್ಲಿಲ್ಲದವರಿಗೆ ಚಮಕದ ಸೀರೆಯಿದೆ, ಅಜ್ಜಿಯ ಪೆಟ್ಟಿಗೆಯ ಚಂದ್ರಕಾಳಿಯಿದೆ, ಸೀರೆ ತುಂಬ ಬೇಡವೆಂದು ಸೆರಗಿನಷ್ಟಕ್ಕೇ ಹಾಕಿಸುವ ಕಸೂತಿಯಿದೆ, ಒಡಹುಟ್ಟಿದವರಿಂದ ಒಂದು ದಿನಕ್ಕೆ ತಂದು ಉಡುವ ಹಳೆಯ ವಾಡಿಕೆಯೂ ಇದೆ.

ವಿನ್ಯಾಸಕರನ್ನೂ ಈ ವಿಮರ್ಶೆಯಿಂದ ಹೊರಗಿಡಲಾಗದು. ಖಣ, ಕಸೂತಿ, ಕೌದಿಗಳು ದೊಡ್ಡ ನಗರಗಳ ಮಳಿಗೆಗಳನ್ನು ಸೇರಿ ಹಲವು ಪಟ್ಟು ಬೆಲೆಗೆ ಮಾರಾಟವಾಗುತ್ತಿವೆ. ಉಡುಪಿನ ಮೇಲೆ ವಿನ್ಯಾಸಕನ ಹೆಸರಿರುತ್ತದೆ. ನೇಯ್ದವನದು, ಸೂಜಿ ಹಿಡಿದವಳದು ಇರುವುದು ಅಪರೂಪ. ನಕಲು ಮಾಡುವವನು ಮಗ್ಗದ ಹೆಸರನ್ನು ಕದ್ದರೆ ಇಂಥ ವಿನ್ಯಾಸಕನು ಅದನ್ನು ಅಳಿಸುತ್ತಾನೆ. ಅಂಥ ಹೆಸರಿಗಾಗಿ ಸಾಲ ಮಾಡುವುದು ಪರಿಗ್ರಹದ ಲಕ್ಷಣವೇ. ಸಮಂತಭದ್ರರು ಪರಿಗ್ರಹ ಪರಿಮಾಣದ ಅತಿಚಾರಗಳಲ್ಲಿ ಹೇಳಿದ ಅತಿವಿಸ್ಮಯವನ್ನು ಪರರ ವೈಭವ ಕಂಡು ಮಿತಿಮೀರಿ ಬೆರಗಾಗುವುದೆಂದು ವಿವರಿಸುವವರುಂಟು. ಮೊಬೈಲಿನ ಪರದೆಯ ಮುಂದೆ ಈ ಬೆರಗು ದಿನಕ್ಕೆ ನೂರು ಸಲ ಹುಟ್ಟುತ್ತದೆ. ನಕಲಿಯ ಪೇಟೆ ನಿಂತಿರುವುದೇ ಅದರ ಮೇಲೆ.

ವ್ಯಾಪಾರಿ ಶ್ರಾವಕನು ಮಾಡಬೇಕಾದದ್ದು ಬಹಳವಿಲ್ಲ. ಪಾವತಿಯಲ್ಲಿ ಬರಿಯ ‘ಸೀರೆ’ ಎಂದು ಬರೆಯುವ ಬದಲು ಹಾಸಿನ ನೂಲು ಯಾವುದು, ಹೊಕ್ಕಿನ ನೂಲು ಯಾವುದು, ಮಗ್ಗ ಕೈಯದೋ ವಿದ್ಯುತ್ತಿನದೋ, ಚಿತ್ತಾರ ನೇಯ್ದದ್ದೋ ಹೊಲಿದದ್ದೋ ಅಚ್ಚಿನದೋ ಎಂದು ಬರೆದು ಕೊಡಬೇಕು. ಅಂಗಡಿಯಲ್ಲಿ ಅಗ್ಗದ ಬಟ್ಟೆಗೂ ತುಟ್ಟಿಯ ಬಟ್ಟೆಗೂ ಸ್ಥಳವಿರಲಿ. ಇದರಿಂದ ಕೆಲವು ಗಿರಾಕಿಗಳು ಪಕ್ಕದ ಅಂಗಡಿಗೆ ಹೋದಾರು, ಹಂಗಾಮಿನ ಲಾಭದಲ್ಲಿ ಒಂದಿಷ್ಟು ಕಡಿಮೆಯೂ ಆದೀತು. ಅಣುವ್ರತವನ್ನು ಗಲ್ಲೆಯ ಮೇಲೆ ಕುಳಿತು ಪಾಲಿಸುವುದೆಂದರೆ ಆ ಕಡಿಮೆಯನ್ನು ಒಪ್ಪಿಕೊಳ್ಳುವುದೇ ಆಗಿದೆ.